ಒಪ್ಪಿಗೆ ಪತ್ರದ ಕೊನೆಯ ಸಾಲು

ನನ್ನನ್ನು ಪ್ರಶ್ನೆ ಕೇಳಬಹುದೇ ಎಂದು ಒಬ್ಬ ಹುಡುಗಿ ನನ್ನ ಅಪ್ಪಣೆ ಕೇಳಿದಳು. ನೀಲಿ ಕೂದಲು, ನನ್ನದಕ್ಕಿಂತ ದೊಡ್ಡ ಮೂಗುಬೊಟ್ಟು. ಎಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಪ್ರಶ್ನೆ ಕೇಳಿದವರು ಬೇಕಾದಷ್ಟು. ಅಪ್ಪಣೆ ಕೇಳಿದವಳು, ಆನ್ ಮೈ ಆನರ್, ಇವಳೊಬ್ಬಳೇ.

ಮೈಸೂರು ಬಿಟ್ಟು ಅಮೆರಿಕದ ಸೌತ್‌ಫೀಲ್ಡಿನ ಮಗಳ ಮನೆ ಸೇರಿ ನನಗೆ ಎರಡು ವಿಂಟರ್ ಆಯಿತು. ಮೊಮ್ಮಗಳು ಮೇಧಾ ಯೂನಿವರ್ಸಿಟಿಯಲ್ಲಿ ಸೋಷಿಯಾಲಜಿ ಓದುತ್ತಾಳೆ. ಅಲ್ಲಿ ಸೋಷಿಯಲ್ ಸೈನ್ಸ್ ಓದುವ ಮಕ್ಕಳದೇ ಒಂದು ಕ್ಲಬ್. ಊರು ಬಿಟ್ಟು ಬಂದ ಹೆಂಗಸರ ಮಾತನ್ನು ರೆಕಾರ್ಡ್ ಮಾಡುತ್ತಾರಂತೆ, ನನ್ನನ್ನೂ ಕರೆದರು.

"ಅಮ್ಮಾ, ಮನೆ ವಿಷಯ ಎಲ್ಲಾ ಬಿಚ್ಚಬೇಡ. ಅಡುಗೆ, ಹಬ್ಬ ಅಂತ ಹೇಳಿ ಬಂದ್ಬಿಡು," ಅಂದಳು ಮಗಳು. ಆಗಲಿ ಅಂದೆ. ಅವಳಿಗೇ ಹೇಳದ ಒಂದು ವಿಷಯ ನನ್ನಲ್ಲಿತ್ತು. ಅಲ್ಲಿ ಯಾಕೆ ಹೇಳಲಿ?

ಕುರ್ಚಿಗಳು ರೌಂಡಾಗಿದ್ದವು. ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತಾರೆ, ಅವರೆದುರಿಗೇ ಪಿಟ್ಜಾ ತಿನ್ನುತ್ತಾರೆ! ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನೀರು ಕುಡಿಯಲೂ ಎದ್ದು ನಿಂತು ಕೈ ಎತ್ತಬೇಕಿತ್ತು. ಪ್ರಶ್ನೆ ಕೇಳಬಹುದೇ ಅಂತ ನೀಲಿ ಕೂದಲಿನವಳು ಅಂದ ಕೂಡಲೇ ಅದೇ ಅಭ್ಯಾಸದಲ್ಲಿ ಎದ್ದು ನಿಂತೆ. ಅದು ನಮ್ಮ ಕಡೆಯ ಮರ್ಯಾದೆ ಅಂದುಕೊಂಡು ಅಷ್ಟೂ ಮಕ್ಕಳು ಪ್ಲೇಟ್ ಸಮೇತ ಎದ್ದು ನಿಂತುಬಿಟ್ಟರು. "ಅಜ್ಜಿ, ಪ್ಲೀಸ್, ಸಿಟ್!" ಅಂತ ಮೇಧಾ ಗದರಿದಳು.

ಆಮೇಲೆ ಒಂದು ಕಾಗದ ಕೊಟ್ಟರು. ಕನ್ಸೆಂಟ್ ಫಾರ್ಮ್, ಅಂದರೆ ಒಪ್ಪಿಗೆ ಪತ್ರ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಯಾವಾಗ ಬೇಕಾದರೂ ಎದ್ದು ಹೋಗಬಹುದು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಇಂಥ ಕಾಗದ ನನ್ನ ಮದುವೆಯಲ್ಲಿ ಇದ್ದಿದ್ದರೆ!

ಕೊನೆಯ ಸಾಲು: ನಿಮ್ಮ ನಿಜವಾದ ಹೆಸರು ಬಳಸುವುದಿಲ್ಲ, ಬೇರೆ ಹೆಸರು ಆರಿಸಿಕೊಳ್ಳಿ.

"ಸಮ್‌ಥಿಂಗ್ ಕೂಲ್, ಅಜ್ಜಿ," ಅಂದಳು ಮೇಧಾ.

ಬರೆದೆ: ವತ್ಸಲಾ.

"ಯಾಕೆ ಈ ಹೆಸರು?" ನೀಲಿ ಕೂದಲಿನವಳು ಕೇಳಿದಳು. ಉತ್ತರ ಕೊಡದೆ ಇರಬಹುದಿತ್ತು. ಬಾಯಿ ಮುಚ್ಚಿಕೊಂಡಿರುವ ಹಕ್ಕು ಕೈಯಲ್ಲಿದ್ದುದಕ್ಕೋ ಏನೋ, ಬಾಯಿ ತೆರೆಯಿತು. ಬಿ.ಎ. ಮೊದಲ ವರ್ಷದ ಸೋಷಿಯಾಲಜಿ ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ, ಹುಟ್ಟಿದಾಗ ನನಗಿಟ್ಟ ಆ ಹೆಸರು ಬರೆದಿದ್ದೆ. ಮೂರೇ ತಿಂಗಳು. ಮದುವೆ ಗೊತ್ತಾಯಿತು, ಓದು ನಿಂತಿತು. ಅತ್ತೆಯ ಹೆಸರೂ ವತ್ಸಲಾ. ಒಂದೇ ಮನೆಯಲ್ಲಿ ಇಬ್ಬರು ಹೇಗೆ? ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಸುಮಿತ್ರಾ ಅಂತ ಬರೆಸಿದರು. ಯಾರೂ ನನ್ನನ್ನು ಕೇಳಲಿಲ್ಲ.

ಪಿಟ್ಜಾ ತಿನ್ನುವುದನ್ನು ಎಲ್ಲರೂ ನಿಲ್ಲಿಸಿದ್ದರು. ಮೇಧಾ ನನ್ನ ಕೈ ಹಿಡಿದುಕೊಂಡಳು.

ಮನೆಗೆ ಬಂದು ಅವಳೇ ತಾಯಿಗೆ ಹೇಳಿದಳು. ಮಗಳು ಸಾರಿನ ಸೌಟು ಕೆಳಗಿಟ್ಟಳು. "ನನಗ್ಯಾಕೆ ಹೇಳಲಿಲ್ಲ ಅಮ್ಮಾ?"

"ನೀನು ಕೇಳಲಿಲ್ಲವಲ್ಲ, ಮಗು."

ಮೈಸೂರಿನ ಮನೆಯ ಗೇಟಿನ ಮೇಲೆ ಸುಮಿತ್ರಾ ಅಂತಿದೆ. ವತ್ಸಲಾ ಇರುವುದು ಇಲ್ಲಿ, ಮಿಷಿಗನ್ನಿನ ಮಕ್ಕಳ ಒಂದು ಫೈಲಿನಲ್ಲಿ, ಸುಳ್ಳು ಹೆಸರುಗಳ ಪಟ್ಟಿಯಲ್ಲಿ. ಮೊನ್ನೆ ಪಾರ್ಕಿನಲ್ಲಿ ಯಾರೋ, "ಆಂಟಿ, ನಿಮ್ಮೂರು ಯಾವುದು?" ಅಂದರು. ಇಬ್ಬರಲ್ಲಿ ಯಾವಳದು ಅಂತ ಕೇಳಬೇಕು ಅನ್ನಿಸಿತು.