ಎಸ್ತೇರವ್ವನ ಹಿಡಿಹಿಟ್ಟು

ಎಸ್ತೇರವ್ವ ದಿನಾ ಬೆಳಗಾಗುತ್ತಲೇ ಜಗಳ ತೆಗೆಯುತ್ತಿದ್ದಳು. ಕಮತಗಿಯಿಂದ ಮದುವೆಯಾಗಿ ಇಳಕಲ್ಲಿಗೆ ಬಂದ ಹೊಸತರಲ್ಲಿ ಆ ಜಗಳ ಕೇಳಿ ನಾನು ಹೆದರಿದ್ದೆ. ಅವಳ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಮೇಲಿನ ತಗಡನ್ನು ಮುಟ್ಟದ ಗಿಡ್ಡ ಗೋಡೆ. ಆ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ, ಅದರ ನಡುನಡುವೆ ಅವಳ ದನಿ.

"ನಿನ್ನಿ ಏನಂತ ಹೇಳಿದ್ದಿ ನೀ? ಈಗ ಸುಮ್ನ ಕುಂತ್ರ ಹೆಂಗ? ನಾ ಕೇಳಿದ್ದಕ್ಕ ಜವಾಬ ಕೊಡು ಮೊದಲ."

ತಿರುಗಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಗಂಡ ಭಾಳ ಸೈರಣೆಯ ಮನುಷ್ಯನಿರಬೇಕು ಅಂದುಕೊಂಡೆ. ಒಂದು ದಿನ ಅತ್ತೆಯನ್ನು ಮೆಲ್ಲಗೆ ಕೇಳಿಯೇ ಬಿಟ್ಟೆ. "ಅತ್ತಿ, ಆ ಮನಿ ಹಿರ್ಯಾರು ಹೊರಗ ಕಾಣೂದ ಇಲ್ಲಲ್ರಿ?"

ಅತ್ತೆ ಗೋಡೆಯ ಕಡೆ ನೋಡಿ ನಕ್ಕರು. "ಎಲ್ಲಿ ಹಿರ್ಯಾರವಾ? ಆಕಿ ಗಂಡ ತೀರಿಕೊಂಡು ಭಾಳ ವರ್ಷ ಆತು. ಆಕಿ ಯೇಸುಸ್ವಾಮಿ ಕೂಡ ಮಾತಾಡಾಕತ್ತಾಳ."

"ಹಿಂಗ ಬೈದು?"

"ಬೈತಾಳ, ನಗ್ತಾಳ, ಒಮ್ಮೊಮ್ಮೆ ಸಿಟ್ಟಿಗೆದ್ದು ಮಾತು ಬಿಡ್ತಾಳ. ನಾಕ ದಿನಾ ಕೇಳು, ನಿನಗೂ ರೂಢಿ ಆಗ್ತೈತಿ."

ರೂಢಿಯಾಯಿತು. ಎಷ್ಟೆಂದರೆ ಆ ದನಿ ಕೇಳದೆ ನನ್ನ ಬೆಳಗು ಬೆಳಗೇ ಅನ್ನಿಸುತ್ತಿರಲಿಲ್ಲ.

ಗಿಡ್ಡ ಹೆಂಗಸು. ಮುಂಗೈ ಮಾತ್ರ ಗಂಡಸರ ಕೈಯಂತೆ ಗಟ್ಟಿ. ಒಲೆಯ ಝಳಕ್ಕೆ ಹುಬ್ಬು ಅರ್ಧ ಸುಟ್ಟಂತಿದ್ದವು. ಬಣ್ಣ ಹೋದ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕುಳಿತರೆ ಬುಟ್ಟಿಯಲ್ಲಿನ ಹಿಟ್ಟು ಮುಗಿಯುವವರೆಗೆ ಏಳುತ್ತಿರಲಿಲ್ಲ. ಖಾನಾವಳಿಗಳಿಗೆ, ಮದುವೆಮನೆಗಳಿಗೆ ಖಡಕ್ ರೊಟ್ಟಿ ಮಾಡಿಕೊಡುವುದು ಅವಳ ಕಸುಬು. ಮಗಳು ಸರೋಜಾ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಅವರಿಬ್ಬರೇ. "ಇಬ್ರಲ್ಲ, ಮೂರ ಮಂದಿ" ಎಂದು ಎಸ್ತೇರವ್ವ ತಿದ್ದುತ್ತಿದ್ದಳು.

ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಕ್ಕಳಲ್ಲಿ ಹಿಡಿಹಿಟ್ಟಿನ ಪದ್ಧತಿಯಿದೆ. ಒಲೆ ಹೊತ್ತಿಸಿ ಅಡುಗೆಗೆ ಹಿಟ್ಟು ತೆಗೆಯುವಾಗ ಮೊದಲ ಹಿಡಿಯನ್ನು ಕರ್ತನ ಪಾಲೆಂದು ಬೇರೆ ಗಡಿಗೆಗೆ ಹಾಕುತ್ತೇವೆ. ಭಾನುವಾರ ಅದನ್ನು ದೇವಾಲಯಕ್ಕೆ ಒಯ್ಯುತ್ತೇವೆ. ಒಲೆ ಹೊತ್ತದ ಮನೆಗಳಿಗೆ ಪಾಸ್ಟರು ಅದನ್ನು ಮುಟ್ಟಿಸುತ್ತಾರೆ. ನನಗೆ ಅದು ನಳ ತಿರುಗಿಸಿದಷ್ಟೇ ರೂಢಿಯ ಕೆಲಸ. ಎಸ್ತೇರವ್ವನಿಗೆ ಹಾಗಲ್ಲ. ಹಿಟ್ಟು ಹಿಡಿದ ಮುಷ್ಟಿಯನ್ನು ಗಡಿಗೆಯ ಬಾಯಿಯ ಮೇಲೆ ತಂದು ಹಾಗೇ ನಿಲ್ಲಿಸುತ್ತಿದ್ದಳು. ಯೇಸುವಿಗೆ ಒಂದು ಖರೆ ಮಾತು ಹೇಳುವವರೆಗೆ ಆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಸಂತೋಷವಿದ್ದರೆ ಸಂತೋಷ, ಸಿಟ್ಟಿದ್ದರೆ ಸಿಟ್ಟು. ಆ ಖರೆ ಮಾತೇ ನನಗೆ ಜಗಳವಾಗಿ ಕೇಳಿಸಿದ್ದು.

ಒಮ್ಮೆ ಎದುರುಮನೆಯ ಗಂಗವ್ವನಿಗೂ ಅವಳಿಗೂ ಒಲೆಯ ಹೊಗೆಯ ಸಲುವಾಗಿ ಮಾತಿಗೆ ಮಾತು ಬೆಳೆದು, ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಗಂಗವ್ವ ಬಸವಣ್ಣನ ಭಕ್ತೆ, ಕೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸದೆ ಬಾಯಿಗೆ ನೀರು ಹಾಕುವವಳಲ್ಲ. ಒಂದು ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಕೇಳಿಸಿತು. "ತಪ್ಪು ಆಕೀದ ಐತಿ. ಆಕೀದ ಅಂದ್ರ ಆಕೀದ. ಆತೇಳು, ಅರ್ಧ ಆಕೀದು. ನೀ ಹಂಗ ನೋಡಬ್ಯಾಡ ನನ್ನ." ಆಮೇಲೆ ಬಾಗಿಲ ಸಪ್ಪಳ. ನಾನು ಹೊರಗೆ ಬಂದು ನೋಡಿದರೆ ಎಸ್ತೇರವ್ವ ಹಿಟ್ಟಿನ ಮುಷ್ಟಿ ಬಿಗಿಹಿಡಿದೇ ಗಂಗವ್ವನ ಕಟ್ಟೆಯ ಮುಂದೆ ನಿಂತಿದ್ದಳು.

ಗಂಗವ್ವ ಸೊಂಟದ ಮೇಲೆ ಕೈಯಿಟ್ಟಳು. "ಏನಿದು ಎಸ್ತೇರವ್ವ, ಮುಂಜಾನೆದ್ದು ಮಾರಿಗೆ ಹಿಟ್ಟು ಒಗಿಯಾಕ ಬಂದಿಯೇನು?"

"ಒಗಿಬೇಕಂತನ ಮಾಡಿದ್ದೆ. ಆತ ಬ್ಯಾಡ ಅಂದ."

ಗಂಗವ್ವನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಸ್ವಾಮಿ ಶ್ಯಾಣ್ಯಾ ಅದಾನ ತೊಗೊ. ಬಾ, ಚಾ ಕುಡಿ."

"ಮೊದಲ ಇದನ್ನ ಗಡಿಗ್ಯಾಗ ಹಾಕಿ ಬರ್ತೇನಿ. ಕೈ ಜೋಮು ಹಿಡದೈತಿ" ಎಂದು ತಿರುಗಿ ಹೋದಳು.

ಪಾಸ್ಟರ ದೊಡ್ಡ ದೊಡ್ಡ ಪ್ರಸಂಗಗಳನ್ನು ಕೇಳಿಯೂ ಕಲಿಯದ್ದನ್ನು ನಾನು ಆ ಬೆಳಿಗ್ಗೆ ಕಂಡೆ. ಕ್ರಿಸ್ತನೊಂದಿಗೆ ದಿನಾ ಮಾತಾಡುವುದೆಂದರೆ ದಿನಾ ಒಂದಿಷ್ಟು ಸೋಲುವುದು. ಅವಳು ಗೊಣಗುತ್ತ ಸೋಲುತ್ತಿದ್ದಳು, ಆದರೆ ಸೋಲುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಅವಳ ನಾಲಿಗೆಯ ಖಾರ ಕಮ್ಮಿಯಾದದ್ದನ್ನು ಓಣಿಯೇ ಕಂಡಿದೆ.

ಮುಂದೆ ನಮ್ಮ ಮನೆಗೆ ಕಷ್ಟ ಬಂತು. ನಮ್ಮವರು ಗ್ರಾನೈಟ್ ಕಲ್ಲು ಕೊಯ್ದು ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದರು. ಅವರ ಹೆಸರು ಸಾಮುವೇಲ. ಮೊದಲು ಒಣ ಕೆಮ್ಮು, ಆಮೇಲೆ ಏಣಿ ಹತ್ತಿದರೆ ಏದುಸಿರು, ಆಮೇಲೆ ಸುಮ್ಮನೆ ಕುಳಿತರೂ ಏದುಸಿರು. ಬಾಗಲಕೋಟೆಯ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆಸಿದೆವು. ಕಲ್ಲಿನ ಧೂಳು ಎದೆಯೊಳಗೆ ಕೂತಿದೆ, ಕೂತದ್ದು ಹೊರಗೆ ಬರುವುದಿಲ್ಲ, ಇನ್ನು ಮುಂದೆ ಹೆಚ್ಚಾಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ನಮಗೆ ಕಿಟಕಿಯ ಸೀಟು ಸಿಕ್ಕಿತು, ಅವರಿಗೆ ಗಾಳಿ ಬಂತು. ಅಂಥ ಚಿಕ್ಕ ಚಿಕ್ಕ ಕೃಪೆಗಳನ್ನು ಎಣಿಸುತ್ತಲೇ ನಾನು ಆ ದಿನಗಳನ್ನು ದಾಟಿದೆ. ಆದರೆ ಪ್ರಾರ್ಥನೆ ಬರಲಿಲ್ಲ. ಮೊಣಕಾಲೂರಿದರೆ ಸಭೆಯಲ್ಲಿ ಕಲಿತ ಮಾತುಗಳು ಬಾಯಿಗೆ ಬರುತ್ತಿದ್ದವು, ಎದೆ ಮಾತ್ರ ಕಲ್ಲಿನಂತೆ ಇರುತ್ತಿತ್ತು.

ಒಂದು ದಿನ ಎಸ್ತೇರವ್ವನ ಒಲೆಯ ಮುಂದೆ ಕುಳಿತು ನಾನು ಅತ್ತುಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀ ಆತನ ಕೂಡ ಹೆಂಗ ಮಾತಾಡ್ತಿ ಗೊತ್ತೇನ ತಂಗಿ? ಸಾಹೇಬ್ರಿಗೆ ಅರ್ಜಿ ಕೊಟ್ಟಂಗ. ಮನಿಯಾಗ ಇರಾವ್ನ ಕೂಡ ಯಾರರ ಹಂಗ ಮಾತಾಡ್ತಾರೇನು?"

"ಬಾಯಿ ತೆಗದ್ರ ಸಿಟ್ಟ ಬರ್ತೈತ್ರಿ ಎಸ್ತೇರವ್ವಾರ."

"ಹಂಗಾರ ಸಿಟ್ಟನ ಹೇಳು. ಇದ್ದದ್ದನ್ನ ಮುಚ್ಚಿಟ್ಟು ಇಲ್ಲದ್ದನ್ನ ಹೇಳಿದ್ರ ಆತಗೇನು ತಿಳಿಯೂದಿಲ್ಲೇನು?" ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ರೊಟ್ಟಿ ಖಡಕ್ ಮಾಡಿ ಇಡಾಕ ಬರ್ತೈತಿ. ಆತನ ಕೂಡ ಆಡೂ ಮಾತು ಖಡಕ್ ಮಾಡಿ ಇಡಾಕ ಬರೂದಿಲ್ಲ. ಅದು ದಿನಾ ಬಿಸಿ ಬಿಸಿ ಆಗಬೇಕು."

"ನನ್ನ ಕೈಲೆ ಆಗೂದಿಲ್ರಿ. ನನ್ನ ಸಲುವಾಗಿ ನೀವ ಹೇಳ್ರಿ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಹೇಳ್ತೇನಿ. ಆದ್ರ ಎಷ್ಟ ದಿನಾ ನನ್ನ ಬಾಯಿಲೆ ಉಣ್ತಿ?"

ಅಂದಿನಿಂದ ಪ್ರತಿ ಬೆಳಿಗ್ಗೆ ಗೋಡೆಯಾಚೆ ನಮ್ಮವರ ಹೆಸರು ಕೇಳಿಸುತ್ತಿತ್ತು. "ಸಾಮುವೇಲನ ಉಸಿರು ನಿನ್ನ ಕೈಯಾಗ ಐತಿ. ಮರತಿಯೇನು? ಮರೀಬ್ಯಾಡ." ನಾನು ಈ ಕಡೆ ನನ್ನ ಗಡಿಗೆಗೆ ಹಿಡಿ ಹಾಕಿ ಆಮೆನ್ ಅನ್ನುತ್ತಿದ್ದೆ. ಅಷ್ಟೇ ನನ್ನ ಪಾಲಿನ ಪ್ರಾರ್ಥನೆ. ನನ್ನ ನಂಬಿಕೆಯೆಲ್ಲ ಆ ಗಿಡ್ಡ ಗೋಡೆಗೆ ಒರಗಿ ನಿಂತಿತ್ತು.

ಅದಕ್ಕೇ ಅವಳ ಮರೆವು ಶುರುವಾದಾಗ ನನ್ನ ಕಾಲ ಕೆಳಗಿನ ನೆಲ ಸರಿದಂತಾಯಿತು. ಮೊದಮೊದಲು ಉಪ್ಪು ಮರೆತಳು, ಖಾನಾವಳಿಗೆ ಕೊಡುವ ರೊಟ್ಟಿಯನ್ನು ಮದುವೆಮನೆಗೆ ಕಳಿಸಿದಳು. ನಕ್ಕೆವು. ಆಮೇಲೆ ಸಾಮುವೇಲ ಅನ್ನುವಲ್ಲಿ ತೀರಿಹೋದ ತನ್ನ ಗಂಡನ ಹೆಸರು ಹೇಳತೊಡಗಿದಳು. ಸತ್ತವನ ಉಸಿರಿಗಾಗಿ ಬೇಡುವುದನ್ನು ಕೇಳಿ ನನ್ನ ಆಮೆನ್ ಅರ್ಧಕ್ಕೇ ನಿಂತಿತು. ಒಂದು ದಿನ, "ಆತನ ಉಸಿರು..." ಎಂದು ನಿಲ್ಲಿಸಿದಳು. "ಯಾರದು? ನೀನರ ಹೇಳು ಯಾರದು" ಎಂದು ಯೇಸುವನ್ನೇ ಕೇಳಿದಳು. ನಾನು ಗೋಡೆಗೆ ಹಣೆ ಹಚ್ಚಿ ನಿಂತೆ. ಎಲ್ಲವನ್ನೂ ಹೀಗೆ ಒಂದೊಂದಾಗಿ ಮರೆಯುತ್ತ ಹೋದರೆ ಕಡೆಗೆ ಆತನನ್ನೂ ಮರೆಯುತ್ತಾಳೆಯೇ? ಜೀವಮಾನವಿಡೀ ಜೊತೆಗಿದ್ದವನನ್ನು ಇಂಥವಳೇ ಮರೆಯುವುದಾದರೆ ನನ್ನಂಥವಳ ಗತಿಯೇನು? ಪಾಸ್ಟರನ್ನು ಕೇಳಿದೆ. ಒಳ್ಳೆಯ ಮಾತನ್ನೇ ಹೇಳಿದರು. ಆ ಮಾತು ನನ್ನ ಅಡುಗೆಮನೆಯವರೆಗೆ ಬರಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಗೋಡೆಯಾಚೆ ರೊಟ್ಟಿಯ ಸಪ್ಪಳವೇ ಇಲ್ಲ, ಮಾತು ಮಾತ್ರ ಹರಿಯುತ್ತಿದೆ. ಸರೋಜಾ ಅಂಗಡಿಗೆ ಹೋಗಿ ಆಗಿತ್ತು. ಹೋಗಿ ನೋಡಿದೆ. ಹಂಚು ಕಾದು ಕೆಂಪಾಗಿತ್ತು. ಹಿಟ್ಟಿನ ಬುಟ್ಟಿ ಬರಿದು. ಕರ್ತನ ಗಡಿಗೆ ತುಂಬಿ, ಸುತ್ತ ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿತ್ತು. ಹಿಡಿ ಹಾಕಿದ್ದನ್ನು ಮರೆತು ಮತ್ತೆ ಹಾಕಿದ್ದಾಳೆ, ಮತ್ತೆ ಮರೆತು ಮತ್ತೆ. ಒಂದೊಂದು ಹಿಡಿಗೂ ಹೊಸದಾಗಿ ಮಾತಾಡಿದ್ದಾಳೆ. ಬರಿದಾದ ಬುಟ್ಟಿಯ ಮುಂದೆ ತಾಯಿ ಬಿಟ್ಟುಹೋದ ಮಗುವಿನಂತೆ ಕುಳಿತಿದ್ದಳು.

"ನೋಡವಾ, ಎಲ್ಲಾ ಆತನ ತೊಗೊಂಡ. ನಾ ಈಗ ಏನ ರೊಟ್ಟಿ ಮಾಡ್ಲಿ?"

ಮೊದಲು ಒಲೆ ಆರಿಸಿದೆ. ಆಮೇಲೆ ಗಡಿಗೆಗೆ ಕೈ ಹಾಕಿ ಹಿಟ್ಟನ್ನು ಬುಟ್ಟಿಗೆ ಹಾಕತೊಡಗಿದೆ. ಅವಳು ಗಬಕ್ಕನೆ ನನ್ನ ಮುಂಗೈ ಹಿಡಿದಳು. ಆ ಹಿಡಿತದ ಬಲ ಮಾತ್ರ ಕಮ್ಮಿಯಾಗಿರಲಿಲ್ಲ.

"ಏ, ಬಿಡು! ಕರ್ತನ ಪಾಲು ಅದು. ಕೊಟ್ಟದ್ದನ್ನ ವಾಪಸ್ ತೊಗೋತಾರೇನು?"

ಬಾಯಿಗೆ ಬಂದದ್ದನ್ನು ಹೇಳಿದೆ. "ಆತ ಹೇಳ್ಯಾನ್ರಿ ಎಸ್ತೇರವ್ವಾರ. ಒಂದ ಹಿಡಿ ಸಾಕಂತ. ಉಳಿದದ್ದನ್ನ ಎಸ್ತೇರವ್ವಗ ವಾಪಸ್ ಕೊಡು ಅಂದಾನ."

ಅವಳ ಹಿಡಿತ ಸಡಿಲಾಯಿತು. ನನ್ನ ಮುಖವನ್ನೇ ನೋಡಿದಳು. ಹಿಟ್ಟು ಹತ್ತಿದ ಆ ಮುಖದಲ್ಲಿ ಬೆಳಕು ಹತ್ತಿಕೊಂಡಿತು.

"ನಿನ್ನ ಕೂಡ ಮಾತಾಡಿದ್ನೇನು?"

"ಹೂಂನ್ರಿ."

"ಕಡೀಕೂ ಮಾತಾಡಿದ್ರಿ ನೀವಿಬ್ರೂ!" ಎಂದು ಕೈ ತಟ್ಟಿ ನಕ್ಕಳು. ನನ್ನ ಹೆಸರು ಅವಳಿಗೆ ಆಗಲೇ ನೆನಪಿರಲಿಲ್ಲ. ನನಗೂ ಆತನಿಗೂ ಮಾತಿಲ್ಲ ಎಂಬುದು ಮಾತ್ರ ಅವಳೊಳಗೆ ಎಲ್ಲೋ ನೋಯುತ್ತ ಉಳಿದಿತ್ತು.

ನಾನು ಬುಟ್ಟಿ ತುಂಬಿಸಿ ಮನೆಗೆ ಬಂದೆ. ದಿನವಿಡೀ ಚಡಪಡಿಸಿದೆ. ಆತ ನನಗೆ ಏನನ್ನೂ ಹೇಳಿರಲಿಲ್ಲ. ಆಡದ ಮಾತನ್ನು ಆತನ ಬಾಯಿಗೆ ಹಾಕಿದೆನೋ, ಇಲ್ಲಾ ಅದನ್ನು ನನ್ನ ಬಾಯಿಗೆ ಹಾಕಿದವನು ಆತನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅದಾದ ಮೇಲೆ ಸರೋಜಾ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಅಂಗಡಿ ಬಿಟ್ಟು ತಾಯಿಯ ಹತ್ತಿರವೇ ಉಳಿದು, ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುತ್ತ ಕೂತಳು. ರೊಟ್ಟಿ ನಿಂತಿತು. ಅದರ ಜೊತೆಗೇ ಮಾತೂ ನಿಂತಿತು. ನಾನು ಬೆಳಗಿನಲ್ಲಿ ಕಿವಿಗೊಟ್ಟು ಕಾಯುತ್ತಿದ್ದೆ. ಒಳಕೋಣೆಯಿಂದ ನಮ್ಮವರ ಎದೆಯ ಸೀಟಿಯಂಥ ಸಪ್ಪಳ ಬಿಟ್ಟರೆ ಏನೂ ಇಲ್ಲ.

ಕಡೆಯ ಸಲ ಅವಳನ್ನು ನೋಡಲು ಹೋದಾಗ ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದರು. ಅಂಜುತ್ತಲೇ ಕೇಳಿದೆ. "ಎಸ್ತೇರವ್ವಾರ, ಯೇಸುಸ್ವಾಮಿ ಏನಂತಾನ್ರಿ ಇವತ್ತ?"

ಅವಳು ನನ್ನನ್ನು ನೋಡಿದಳು. ಮರ್ಯಾದೆಯಿಂದ, ಹೊರಗಿನವರನ್ನು ಕೇಳುವಂತೆ ಕೇಳಿದಳು. "ಯಾರ್ರಿ ಅವ್ರು?"

ಸರೋಜಾ ಮುಖ ಆ ಕಡೆ ತಿರುಗಿಸಿದಳು. ನಾನು ಯಾವುದಕ್ಕೆ ಅಂಜಿದ್ದೆನೋ ಅದೇ ಆಗಿತ್ತು. ಏನು ಮಾಡಬೇಕೆಂದು ತೋಚದೆ ಅಡುಗೆಮನೆಗೆ ಹೋಗಿ ಹಿಟ್ಟಿನ ಬುಟ್ಟಿಯನ್ನೂ ಆ ಗಡಿಗೆಯನ್ನೂ ತಂದು ಅವಳ ಮುಂದಿಟ್ಟೆ. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ತಾನಾಗಿ ಬುಟ್ಟಿಗೆ ಹೋಯಿತು. ಒಂದು ಹಿಡಿ ತುಂಬಿಕೊಂಡು ಗಡಿಗೆಯ ಬಾಯಿಯ ಮೇಲೆ ಬಂದು ನಿಂತಿತು. ತುಟಿಗಳು ಅಲ್ಲಾಡಿದವು, ಮಾತು ಬರಲಿಲ್ಲ. ಮುಷ್ಟಿ ಬಿಚ್ಚಲಿಲ್ಲ. ನೋವಾಗುತ್ತಿದೆಯೆಂದು ಸರೋಜಾ ಬಿಡಿಸಲು ಹೋದಳು, ಎಸ್ತೇರವ್ವ ಬಿಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆ ಖರೆ ಮಾತನ್ನು ಹೇಳಬೇಕಾದವಳು ನಾನೇ ಎಂದು ಆಗ ತಿಳಿಯಿತು. ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದು ದನಿಯೆತ್ತಿ ಹೊರಗೆ ಬಂತು. "ಯೇಸುವೇ, ಈಕಿ ನಿನ್ನ ಮರತಾಳ. ನೀ ಈಕೀನ ಮರತ್ರ ನಾ ಸುಮ್ನಿರೂದಿಲ್ಲ. ನನ್ನ ಗಂಡನ ಉಸಿರು ದಿನಾ ಕಮ್ಮಿ ಆಗಾಕತ್ತೈತಿ. ನನಗ ನಿನ್ನ ಮ್ಯಾಲ ಭಾಳ ಸಿಟ್ಟ ಐತಿ. ಆದ್ರ ನೀ ಬಿಟ್ಟು ಹೋಗಬ್ಯಾಡ."

ಎಸ್ತೇರವ್ವನ ಮುಷ್ಟಿ ಬಿಚ್ಚಿತು. ಹಿಟ್ಟು ಗಡಿಗೆಗೆ ಬಿತ್ತು. ನಿಟ್ಟುಸಿರು ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕಣ್ಣು ಮುಚ್ಚಿದಳು.

ಆ ವಾರದಲ್ಲೇ ತೀರಿಕೊಂಡಳು. ಮಣ್ಣಿಗೆ ಹೋಗುವಾಗ ಗಂಗವ್ವ ಎಲ್ಲರಿಗಿಂತ ದೊಡ್ಡದಾಗಿ ಅತ್ತಳು. ಗಡಿಗೆಯನ್ನು ಸರೋಜಾ ನನಗೆ ಕೊಟ್ಟಳು.

ನಮ್ಮವರು ಈಗ ಮಲಗಿ ನಿದ್ದೆ ಮಾಡಲಾರರು, ಕೂತೇ ಜೊಂಪು ಹತ್ತುತ್ತದೆ. ಮೊನ್ನೆ ಎರಡು ತುತ್ತು ಹೆಚ್ಚು ಉಂಡರು, ಅದನ್ನು ಎಣಿಸಿಕೊಂಡಿದ್ದೇನೆ. ಬೆಳಿಗ್ಗೆ ಹಿಡಿ ತುಂಬಿಕೊಂಡು ಗಡಿಗೆಯ ಮೇಲೆ ಕೈ ನಿಲ್ಲಿಸುತ್ತೇನೆ. ಕೆಲವು ದಿನ ಕೈ ಜೋಮು ಹಿಡಿಯುವವರೆಗೂ ಮಾತು ಬರುವುದಿಲ್ಲ. ಬಂದ ದಿನ ಬೈಯುವುದೇ ಹೆಚ್ಚು. ಮುಷ್ಟಿ ಬಿಚ್ಚಿದ ಮೇಲೆ ಹಿಟ್ಟಿಗೆ ಬಿಸಿನೀರು ಸುರುವಿ ನಾದಿ ರೊಟ್ಟಿ ಬಡಿಯಲು ತೊಡಗುತ್ತೇನೆ. ನಡುವೆ ಕೈ ತಾನಾಗಿ ನಿಲ್ಲುತ್ತದೆ, ಗೋಡೆಯಾಚೆಯಿಂದ ಅವಳು ಏನಾದರೂ ಅನ್ನಲಿ ಎಂದು ಜಾಗ ಬಿಡುವ ಹಾಗೆ.

ಹಂಚು ಕಾಯುತ್ತಿರುತ್ತದೆ. ಮತ್ತೆ ಬಡಿಯುತ್ತೇನೆ.