ಬಿಸಿ ಹೊರಲು ಮೂರನೆಯವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಮಲ್ಲಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ಮಲ್ಲಮ್ಮ ನನ್ನ ಹಳೆಯ ವಿದ್ಯಾರ್ಥಿನಿ, ವನದುರ್ಗದ ಕುರಿ ಸಾಕುವ ಮನೆಯವಳು. ಈಗ ಶಹಾಪುರದ ನಮ್ಮ ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಭೌತಶಾಸ್ತ್ರ ಕಲಿಸುತ್ತಾಳೆ.

ಗೋಲಿ ಸೋಡಾ ಒಡೆದಾಗ ಬಾಟಲಿಯ ಬಾಯಲ್ಲಿ ಒಂದು ಗಳಿಗೆ ಬಿಳಿ ಹೊಗೆ ಕಾಣುತ್ತದಲ್ಲ, ನನ್ನ ಪಿಎಚ್‌ಡಿ ಆರು ವರ್ಷದಿಂದ ಆ ಹೊಗೆಯಲ್ಲೇ ಇದೆ. ಒತ್ತಿ ತುಂಬಿದ ಅನಿಲ ಸಣ್ಣ ಕಿಂಡಿಯಿಂದ ನುಗ್ಗಿ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ, ತಣ್ಣಗಾದ ಅಣುಗಳು ಗುಂಪುಗೂಡುತ್ತವೆ. ಗುಂಪು ಎಷ್ಟು ದೊಡ್ಡದಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕೇಳಲು ಸುಲಭ. ಆದರೆ ಎರಡು ಅಣು ಡಿಕ್ಕಿ ಹೊಡೆದ ಮಾತ್ರಕ್ಕೆ ಅಂಟಿಕೊಳ್ಳುವುದಿಲ್ಲ. ಸೇರುವಾಗ ಹುಟ್ಟುವ ಬಿಸಿಯನ್ನು ಹೊತ್ತೊಯ್ಯಲು ಮೂರನೆಯದೊಂದು ಬಂದು ತಾಗಬೇಕು. ಇಲ್ಲದಿದ್ದರೆ ಎರಡೂ ಮತ್ತೆ ದೂರ ದೂರ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನನ್ನ ಗುಂಪುಗಳು ಪ್ರಯೋಗದಲ್ಲಿ ಕಂಡಷ್ಟು ದೊಡ್ಡವಾಗಲೇ ಇಲ್ಲ.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಮಲ್ಲಮ್ಮ ನನ್ನ ಪರದೆಯತ್ತ ಇಣುಕಿದಳು.

"ಒಂದೊಂದ ಅಣು ಬಂದು ಕೂಡೂದು ಅಷ್ಟ ಹಿಡದೀರೇನ್ರಿ ಸರ್? ಹಟ್ಟಿ ಬಾಗಲಾ ತೆಗದ್ರ ನಮ್ಮ ಕುರಿ ಹಂಗ ಕೂಡಂಗಿಲ್ರಿ. ನಾಕು ಕುರಿ ಇದ್ದ ಗುಂಪು ಹೋಗಿ ಐದು ಇದ್ದ ಗುಂಪಿಗಿ ಕೂಡ್ತದ್ರಿ."

"ಕುರಿ ಬ್ಯಾರೆ, ಗ್ಯಾಸ್ ಬ್ಯಾರೆ ಮಲ್ಲಮ್ಮ," ಎಂದು ನಕ್ಕೆ.

ನಾನು ಸುರಪುರದ ಕಿರಾಣಿ ಅಂಗಡಿಯವರ ಮಗ. ಬೆಲ್ಲದ ಅಚ್ಚುಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಬೆಳೆದವನು. ಅನಿಲವನ್ನೂ ಹಾಗೆಯೇ ಒಂದೊಂದೇ ಅಣುವಾಗಿ ಪೇರಿಸಿದ್ದೆ. ಆಕೆ ಕ್ಲಾಸಿಗೆ ಹೋದ ಕೂಡಲೇ, ನಗು ನಿಲ್ಲಿಸಿ, ಗುಂಪಿಗೆ ಗುಂಪು ಸೇರುವಂತೆ ಲೆಕ್ಕ ತಿದ್ದಿದೆ. ಆರು ವರ್ಷ ತಾಳೆಯಾಗದ್ದು ಅವಳ ಪಿರಿಯಡ್ ಮುಗಿಯುವಷ್ಟರಲ್ಲಿ ತಾಳೆಯಾಯಿತು. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ಮರುದಿನ ಕೇಳಿದಳು: "ಸರ್, ಲೆಕ್ಕ ಕೂಡ್ತೇನ್ರಿ?"

"ಇನ್ನಾ ನೋಡಾಕತ್ತೇನಿ," ಎಂದೆ. ಹಸಿ ಸುಳ್ಳು.

"ಕೂಡ್ತದ ತಗೋರಿ ಸರ್. ನೀವು ಬಿಡೂ ಪೈಕಿ ಅಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ದಿನ ನನ್ನೊಬ್ಬನ ಹೆಸರಿನಲ್ಲೇ ಲೇಖನ ಬರೆದೆ. ನಾಲ್ಕನೆಯ ದಿನ ಸಂಶೋಧನಾ ಲೇಖನದ ನೆತ್ತಿಯ ಮೇಲೆ ನನ್ನ ಹೆಸರಿನ ಜೊತೆ ಅವಳ ಹೆಸರು ಬರೆದೆ. ನನ್ನದಕ್ಕಿಂತ ಮೊದಲಲ್ಲ, ಆಮೇಲೆ. ಅಷ್ಟು ದೊಡ್ಡ ಮನಸ್ಸು ನನಗೆಲ್ಲಿಯದು? ತೋರಿಸಿದಾಗ, "ನಮ್ಮಪ್ಪಗ ತೋರಸ್ತೀನ್ರಿ ಸರ್!" ಎಂದು ಹಾಳೆ ಕಸಿದುಕೊಂಡು ಓಡಿದಳು. ಆ ಖುಷಿಯ ಮೇಲೂ ನನಗೆ ಹೊಟ್ಟೆಕಿಚ್ಚು.

ಎರಡು ಹೆಸರೂ ಸೇರಿದವು. ಹುಟ್ಟಿದ ಬಿಸಿ ಮಾತ್ರ ನನ್ನಲ್ಲೇ ಉಳಿದಿದೆ, ಮಲ್ಲಮ್ಮನಿಗೆ ಹೇಳುವಂತಿಲ್ಲ. ಮೂರನೆಯವರೊಬ್ಬರು ಬಂದು ತಾಗಲೇಬೇಕಲ್ಲ, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿ ಇದನ್ನೆಲ್ಲ ಹೇಳಿದ್ದು. ಏಳುವಾಗ ಸ್ವಲ್ಪ ಹೊತ್ತುಕೊಂಡು ಹೋಗಿ.