ಈಟಿಯವನ ಹಿತ್ತಿಲ ಕೊಳ

ಖಯ್ಯೂನನ ಮುತ್ತಜ್ಜ ಶನ್ಯೂರ್. ಜೊಂಡು ತುಂಬಿದ ಜೌಗು ನೀರಿನಲ್ಲಿ ಆಳುದ್ದದ ಮೀನನ್ನು ಒಂದೇ ಈಟಿಗೆ ಹೊಡೆದವನು. ಅದು ದೋಣಿಯಲ್ಲಿ ಹಿಡಿಸದೆ, ದೋಣಿಯನ್ನೇ ಅದಕ್ಕೆ ಕಟ್ಟಿ ಊರಿಗೆ ಬಂದ ಎಂದು ನಮ್ಮ ಹೆಂಗಸರು ಇವತ್ತಿಗೂ ತೊಟ್ಟಿಲು ತೂಗುತ್ತ ಹೇಳುತ್ತಾರೆ. ಅಜ್ಜ ಮನಾತಿ. ಕಾಡುಹಂದಿ ತೊಡೆ ಸೀಳಿದರೂ ಕೈಯ ಈಟಿ ಬಿಡದವನು. ಒಂದು ಚಳಿಗಾಲದಲ್ಲಿ ಬಲೆಯವರ ಕುಲದ ಮುದುಕನೊಬ್ಬ ನಮ್ಮ ಜೊಂಡಿನ ಅತಿಥಿಮನೆಗೆ ಬಂದು ಕಾಫಿ ಒಲೆಯ ಪಕ್ಕ ಕೂತಾಗ, "ಏಳಯ್ಯಾ ಮೇಲೆ, ಬಲೆ ಹಾಕೋರ ಜಾಗ ಚಪ್ಪಲಿ ಹತ್ರ" ಎಂದು ಎಬ್ಬಿಸಿದವನೂ ಅವನೇ. ಅದನ್ನೂ ನಮ್ಮವರು ಪರಾಕ್ರಮದ ಸಾಲಿಗೇ ಸೇರಿಸಿಕೊಂಡರು. ಎಮ್ಮೆ ಸಾಕಿ ಈಟಿ ಹಿಡಿದವನು ಮರ್ಯಾದಸ್ಥ. ಬಲೆ ಬೀಸಿ ಮೀನು ಮಾರುವವನಿಗೆ ಹೆಣ್ಣು ಕೊಡುವುದಿಲ್ಲ, ಅವನಿಂದ ತರುವುದೂ ಇಲ್ಲ.

ಅಪ್ಪ ರಸನ್. ನೀರು ಬತ್ತಿ ನೆಲ ಬಾಯಿಬಿಟ್ಟಾಗ ಎಲ್ಲರಿಗಿಂತ ಕೊನೆಗೆ ಹೊರಟವನು. ಕೌದಿ, ಪಾತ್ರೆ ಎಲ್ಲ ಬಿಟ್ಟು ಐದು ಮೊನೆಯ ಈಟಿಯೊಂದನ್ನೇ ಹೆಗಲಿಗೆ ಹಾಕಿಕೊಂಡು ನಾಸಿರಿಯಾ ಪಟ್ಟಣದ ಅಂಚಿನವರೆಗೆ ನಡೆದು ಬಂದ. ಅವನ ಹೆಸರನ್ನೇ ಖಯ್ಯೂನ್ ತನ್ನ ಮೊದಲ ಮಗನಿಗೆ ಇಟ್ಟಿದ್ದರಿಂದ ಓಣಿಯಲ್ಲಿ ಖಯ್ಯೂನನನ್ನು ರಸನನ ಅಪ್ಪ ಎಂದೇ ಕರೆಯುತ್ತಾರೆ.

ಖಯ್ಯೂನ್ ಇಟ್ಟಿಗೆ ಗೂಡಿನಲ್ಲಿ ಕಾವಲುಗಾರ. ಮನೆ ಸಿಮೆಂಟು ಇಟ್ಟಿಗೆಯದು, ಹಿತ್ತಿಲಲ್ಲಿ ಒಂದು ಬೋರೆ ಮರ. ಮಗಳು ಹಸ್ನಾಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವರಲ್ಲೊಬ್ಬ ನಗೆಯಾಡಿದ: "ಈಗ ನಿಮಗೂ ನಮಗೂ ಸಂತೆ ಮೀನೇ ಗತಿ, ಅಲ್ವಾ ಬೀಗರೇ?" ಖಯ್ಯೂನನಿಗೆ ಅದು ಮುಳ್ಳಿನಂತೆ ಚುಚ್ಚಿತು. "ಮದ್ವೆ ಮೀನು ನನ್ನ ನೀರಿಂದೇ ಬರುತ್ತೆ" ಎಂದುಬಿಟ್ಟ. ಮದುವೆ ಮುಂದಿನ ಖರ್ಜೂರದ ಕೊಯ್ಲಿಗೆ. ಎಸೆದ ಈಟಿಯೂ ಆಡಿದ ಮಾತೂ ಅರ್ಧ ದಾರಿಯಿಂದ ಹಿಂದಿರುಗುವುದಿಲ್ಲ.

ಆ ಚಳಿಗಾಲದಲ್ಲೇ ಕೊಳ ತೋಡಿದ. ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ, ಮೊಣಕಾಲಿನ ಆಳ. ಇನ್ನೂ ಆಳ ಬೇಡವೇ ಎಂದು ಹೆಂಡತಿ ವಬ್ರಿಯಾ ಕೇಳಿದ್ದಕ್ಕೆ, "ಮೀನಿನ ಬೆನ್ನು ಕಾಣದಿದ್ರೆ ಅದೆಂಥ ನೀರೇ?" ಎಂದ. ಈಟಿಗಾರನ ಕಣ್ಣು ಅದು. ನಲ್ಲಿಯ ನೀರು ತುಂಬಿಸಿ, ಅದರಲ್ಲಿದ್ದ ಔಷಧಿಯ ವಾಸನೆ ಹೋಗುವ ಮುಂಚೆಯೇ ಗೆಂಡೆ ಮೀನಿನ ಮರಿಗಳನ್ನು ಬಿಟ್ಟ. ಸಂಜೆಯೊಳಗೆ ಎಲ್ಲ ಬೆಳ್ಳಗೆ ಮಗುಚಿಕೊಂಡವು. ಎರಡನೆಯ ಸಲ ನೀರನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟ, ಸರಿ. ಆದರೆ ಸತ್ತವುಗಳ ಲೆಕ್ಕವನ್ನೂ ಸೇರಿಸಿ ಮುನ್ನೂರು ಮರಿ ತಂದ. ಬೆರಳುದ್ದದವು ತಾನೇ, ಎಷ್ಟು ಜಾಗ ಬೇಕು? ಜೊಂಡಿನ ನೀರಿಗೆ ಅಂಚೇ ಇರಲಿಲ್ಲ. ಅದರಲ್ಲಿ ಬೆಳೆದವನಿಗೆ ಮೀನಿಗೆ ಜಾಗ ಸಾಲದೆಂಬುದು ಹೇಗೆ ಹೊಳೆಯಬೇಕು?

ಬೇಸಿಗೆಗೆ ಅವು ಗೇಣುದ್ದವಾದವು. ಮಿಕ್ಕ ಅನ್ನ, ಒಣ ರೊಟ್ಟಿ, ತವುಡು ಎಲ್ಲ ಕೊಳಕ್ಕೆ. ನೀರು ಹಸಿರಾಗಿ ಕೊಳೆತ ಸೊಪ್ಪಿನಂತೆ ನಾರತೊಡಗಿತು. ಬೋರೆಯ ಎಲೆಗಳು ತಳದಲ್ಲಿ ಕೆಸರಾದವು. ಬೆಳಗಾಗುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ನೋಡು, ನನ್ನ ಗುರುತು ಹಿಡ್ದು ಬರ್ತವೆ" ಎನ್ನುತ್ತಿದ್ದ ಖಯ್ಯೂನ್. "ಹಸಿದಿವೆ, ಪಾಪ." ಮತ್ತೊಂದು ಬೊಗಸೆ ತವುಡು ಬೀಳುತ್ತಿತ್ತು. ಮೀನು ಮೇಲೆದ್ದ ಬೆಳಗು ಈಟಿಯವನಿಗೆ ಶುಭ ಎಂದು ನಮ್ಮ ಅಪ್ಪಂದಿರು ಕಲಿಸಿದ್ದು. ಅವರು ಕಲಿಸಿದ್ದು ಕೊಲ್ಲುವ ವಿದ್ಯೆ. ಸಾಕುವ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ.

ಪಕ್ಕದ ಮನೆಯ ಲಿಫ್ತಾ ಬಲೆಯವರ ಕುಲದವನು. ಅಂದು ಒಲೆಯ ಬದಿಯಿಂದ ಎದ್ದ ಮುದುಕನ ಮೊಮ್ಮಗ. ಹದಿನೆಂಟು ವರ್ಷ ಗೋಡೆಗೆ ಗೋಡೆ ಹಂಚಿಕೊಂಡಿದ್ದರೂ ಇಬ್ಬರ ನಡುವೆ ಸಲಾಮಿಗಿಂತ ಹೆಚ್ಚಿನ ಮಾತಿರಲಿಲ್ಲ. ಮದುವೆಗೆ ಮೂರು ದಿನವಿದ್ದಾಗ ಅವನು ಗೋಡೆಯ ಮೇಲಿಂದ ಇಣುಕಿದ.

"ರಸನನ ಅಪ್ಪಾ, ತವುಡು ಹಾಕ್ಬೇಡ. ಅವು ಹಸಿದಿಲ್ಲ, ಉಸಿರು ಕಟ್ಟಿದೆ."

"ಮೀನಿಗೂ ಉಸಿರು ಕಟ್ಟುತ್ತಾ? ನೀರಲ್ಲೇ ಹುಟ್ಟಿದ್ದು!"

"ಒಂದು ಕೋಣೇಲಿ ಮುನ್ನೂರು ಜನ ಮಲಗಿ ನೋಡು, ಗೊತ್ತಾಗುತ್ತೆ. ಅರ್ಧ ತೆಗಿ. ನನ್ನ ತೊಟ್ಟಿ ಖಾಲಿ ಇದೆ. ಬಲೆ ಎರಡು ಸಲ ಎಳೆದ್ರೆ ಆಯ್ತು, ಮದ್ವೆ ದಿನ ವಾಪಸ್ ಕೊಡ್ತೀನಿ."

ಖಯ್ಯೂನ್ ಬೆನ್ನು ತಿರುಗಿಸಿದ. ಒಳಗೆ ಹೋಗಿ ಅಪ್ಪನ ಈಟಿ ತಂದ. ತಾನೇ ಅರ್ಧ ತೆಗೆಯುತ್ತೇನೆಂದು ನಿಲುವಂಗಿ ಎತ್ತಿ ಕಟ್ಟಿ ಇಳಿದ. ಹಸಿರು ನೀರಿನಲ್ಲಿ ಬೆನ್ನು ಎಲ್ಲಿ ಕಾಣಬೇಕು? ಮಧ್ಯಾಹ್ನದವರೆಗೆ ಹೊಡೆದು ಒಂಬತ್ತು ಮೀನು ತೆಗೆದ. ಅಷ್ಟರಲ್ಲಿ ಅವನ ಕಾಲೇ ತಳದ ಕೆಸರನ್ನೆಲ್ಲ ಕಲಕಿತ್ತು. ಮರುದಿನ ಬೆಳಗ್ಗೆ ನಲವತ್ತಕ್ಕೂ ಹೆಚ್ಚು ಮೀನು ತೇಲುತ್ತಿದ್ದವು. ಉಳಿದವು ನೀರಿನ ಮೇಲಕ್ಕೆ ಮೂತಿ ಚಾಚಿ, ಸುಮ್ಮನೆ, ಬಾಯಿ ತೆರೆದು ಮುಚ್ಚುತ್ತಿದ್ದವು.

ವಬ್ರಿಯಾ ಸತ್ತವನ್ನು ಬುಟ್ಟಿಗೆ ತುಂಬುತ್ತ ತಲೆ ಎತ್ತದೆ ಹೇಳಿದಳು: "ಬೀಗರಿಗೆ ಇದನ್ನೇ ಸುಡ್ಲಾ? ನಿಮ್ಮ ನೀರಿಂದೇ, ಸುಳ್ಳೇನಿಲ್ಲ."

ಹಸ್ನಾ ಮದರಂಗಿಯ ಕೈ ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಬಲೆ ಯಾರ್ದಾದ್ರೇನು? ಹೋಗಿ ಆ ಮನೇಲಿ ಬಾಳೋಳು ನಾನು. ಮಾತು ತಪ್ಪಿದೋನ ಮಗಳು ಅಂತ ದಿನಾ ಕೇಳ್ಬೇಕಾದೋಳೂ ನಾನೇ."

ಖಯ್ಯೂನ್ ಇನ್ನೊಂದು ಸತ್ತ ಮೀನನ್ನು ಕೆಸರಿನಿಂದ ಎತ್ತಿ ಬುಟ್ಟಿಗೆ ಹಾಕಿದ. ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಆಗ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಯಾರು ಕರೆದಿದ್ದರೋ, ಲಿಫ್ತಾ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು, ಚಪ್ಪಲಿ ಹೊರಗೇ ಬಿಟ್ಟು, ಹೊಸ್ತಿಲಲ್ಲೇ ನಿಂತಿದ್ದ.

"ಬಿಸಿಲು ಏರಿದ್ರೆ ಇವೂ ಹೋಗ್ತವೆ. ನಾನೊಬ್ಬನೇ ಇಳೀತೀನಿ, ನೀನು ಬಲೆ ಮುಟ್ಟೋದೂ ಬೇಡ. ನಾನು ಯಾರಿಗೂ ಹೇಳೋನಲ್ಲ" ಎಂದ.

ಖಯ್ಯೂನ್ ಎದ್ದ. ಕೈಯೆಲ್ಲ ಕೆಸರು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ ಬಲೆ ಒಳ್ಳೇದೇ ಲಿಫ್ತಾ, ನೀನಂದದ್ದೂ ನಿಜ. ಆದ್ರೆ ನಮ್ಮಜ್ಜ ನಿಮ್ಮಜ್ಜನ್ನ ಚಪ್ಪಲಿ ಹತ್ರ ಕಳಿಸ್ದ. ನನ್ ಮೀನು ಸಾಯೋ ಹೊತ್ತಿಗೆ ಮಾತ್ರ ನೀನು ನಂಗೆ ಅಣ್ಣ-ತಮ್ಮ ಆಗಿಬಿಟ್ರೆ, ಅದು ನಮ್ಮಜ್ಜ ಮಾಡಿದ್ದಕ್ಕಿಂತ ಕೀಳು. ಮದ್ವೆಗೆ ಬಾ. ಒಲೆ ಪಕ್ಕದಲ್ಲೇ ಕೂತ್ಕೋ, ಎಬ್ಬಿಸೋನು ಯಾವನು ಅಂತ ನಾನೂ ನೋಡ್ತೀನಿ. ತಟ್ಟೇಲಿ ಮೀನಿರುತ್ತೋ ಬರೀ ಅನ್ನ ಇರುತ್ತೋ, ಆ ನಾಚಿಕೆ ನಂದು. ಬಲೆ ಮಾತ್ರ ವಾಪಸ್ ತಗೊಂಡ್ಹೋಗು."